ಮೊದ್ಲು ಡಬ್ಬ ಚಿಕ್ಕದು ಮಾಡಿ, ಆಮೇಲೆ ಪೇಪರ್ರೋ ಪ್ಲಾಸ್ಟಿಕ್ಕೋ ನೋಡಣ

ಪ್ರಶ್ನೆ: ಅಕ್ಕ ನಮಸ್ಕಾರ, ನಾವು ತೀರ್ಥಹಳ್ಳಿ ಹತ್ರದೋರು. ನಾನೂ ನಮ್ಮತ್ತಿಗೆನೂ ಸೇರಿ ಹಲಸಿನ ಹಪ್ಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಬೆಂಗ್ಳೂರಿಗೆ ಕೊರಿಯರ್ ಮಾಡ್ತೀವಿ, ತಿಂಗ್ಳಿಗೆ ಹತ್ರಹತ್ರ ನೂರು ಪಾರ್ಸಲ್. ಈಗೀಗ ಗಿರಾಕಿಗಳು "ಇಷ್ಟೊಂದು ಪ್ಲಾಸ್ಟಿಕ್ ಯಾಕೆ ಕಳಿಸ್ತೀರ" ಅಂತ ವಾಟ್ಸಾಪ್ ಹಾಕ್ತಾರೆ. ಪೇಪರ್ ಪೌಚಿಗೆ ಹೋದ್ರೆ ಒಂದಕ್ಕೆ ನಾಲ್ಕು ರೂಪಾಯಿ ಜಾಸ್ತಿ ಬೀಳತ್ತೆ. ಮನೇಲಿ ಇವ್ರು "ಪರಿಸರ ಉಳ್ಸೋಕೆ ಹೋಗಿ ಕೈಯಲ್ಲಿರೋ ಗಂಟೂ ಕಳ್ಕೊಳ್ತೀರ" ಅಂತಾರೆ. ಬದ್ಲಾಯಿಸಿದ್ರೆ ನಿಜವಾಗ್ಲೂ ಏನಾದ್ರೂ ಗಿಟ್ಟತ್ತಾ? ಒಂದು ಪಾರ್ಸಲ್ ಫೋಟೋ, ಅದರ ಕೊರಿಯರ್ ಬಿಲ್ಲು ಜೊತೆಗೆ ಇಟ್ಟಿದೀನಿ.

ಉತ್ತರ: ಬಿಲ್ಲು ಇಟ್ಟಿದ್ದು ಒಳ್ಳೇದಾಯ್ತು ಮಾರಾಯ್ತಿ, ಉತ್ತರ ಅದ್ರಲ್ಲೇ ಇದೆ. ಫೋಟೋದಲ್ಲಿ ಉಪ್ಪಿನಕಾಯಿ ಬಾಟ್ಲಿ ಒಂದು, ಹಪ್ಳದ ಕಟ್ಟು ಎರಡು, ಉಳಿದಿದ್ದೆಲ್ಲ ಬಬಲ್ ಕವರು ಮತ್ತೆ ಗಾಳಿ. ಸಾಮಾನು ಒಂದೂಕಾಲು ಕೆಜಿ ಅಂತ ನೀವೇ ಬರ್ದಿದೀರ, ಬಿಲ್ಲಲ್ಲಿ 3 ಕೆಜಿ ಹಾಕಿದಾರೆ. ಮೋಸ ಏನಲ್ಲ ಅದು. ಕೊರಿಯರ್‌ನೋರು ತಕ್ಕಡಿ ಒಂದೇ ನೋಡಲ್ಲ, ಡಬ್ಬ ಗಾಡೀಲಿ ಎಷ್ಟು ಜಾಗ ತಿನ್ನತ್ತೆ ಅಂತಾನೂ ನೋಡ್ತಾರೆ, ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ಹಂಗೆ ಬಂದ ತೂಕ ಮತ್ತೆ ನಿಜವಾದ ತೂಕ ಎರಡರಲ್ಲಿ ಯಾವ್ದು ಜಾಸ್ತಿನೋ ಅದಕ್ಕೆ ದುಡ್ಡು. ನಿಮ್ಮ ಡಬ್ಬ 30-25-20, ಗುಣಿಸಿದ್ರೆ 15,000, ಭಾಗಿಸಿದ್ರೆ ಸರಿಯಾಗಿ 3. ಅಂದ್ರೆ ತಿಂಗ್ಳಿಗೆ ನೂರು ಸಲ ತೀರ್ಥಹಳ್ಳಿ ಗಾಳಿನ ದುಡ್ಡು ಕೊಟ್ಟು ಬೆಂಗ್ಳೂರಿಗೆ ಕಳಿಸ್ತಿದೀರ.

ಅಷ್ಟೇ ಸಾಮಾನು ನಮ್ಮನೆ ಜಗಲಿ ಮೇಲೆ ಜೋಡಿಸಿ ನೋಡ್ದೆ. ಹಪ್ಳದ ಕಟ್ಟು ಮಲಗಿಸ್ಬೇಡಿ, ನಿಲ್ಲಿಸಿ, ಎರಡರ ಮಧ್ಯೆ ಬಾಟ್ಲಿ, ಬಾಟ್ಲಿಗೆ ಹಳೇ ರಟ್ಟು ಸುತ್ತು. 22-16-15ರ ಡಬ್ಬದಲ್ಲಿ ಕೂತ್ಕೊಳ್ತು. ಲೆಕ್ಕ ಹಾಕಿದ್ರೆ 1.06, ಹಾಗಾಗಿ ಈಗ ನಿಮ್ಮ ನಿಜವಾದ ತೂಕಕ್ಕೇ ಬಿಲ್ಲು, ಅರ್ಧರ್ಧ ಕೆಜಿ ಲೆಕ್ಕ ಹಿಡಿಯೋರಾದ್ರೆ ಒಂದೂವರೆ. ಮೂರು ಎಲ್ಲಿ, ಒಂದೂವರೆ ಎಲ್ಲಿ! ನಾಲ್ಕು ರೂಪಾಯಿ ಪೌಚಿನ ಚಿಂತೆ ಇದ್ರ ಮುಂದೆ ಏನೂ ಅಲ್ಲ. ರಟ್ಟೂ ಕಮ್ಮಿ, ಬಬಲ್ ಕವರ್ ಪೂರ್ತಿ ಬಂದ್, ಟೇಪೂ ಅರ್ಧ. ಯಜಮಾನ್ರಿಗೆ ಪರಿಸರದ ಮಾತು ಎತ್ಲೇಬೇಡಿ, ಈ ಲೆಕ್ಕ ಒಂದು ಚೀಟೀಲಿ ಬರ್ದು ಕಾಫಿ ಜೊತೆ ಕೊಡಿ.

ಇನ್ನು ಪೌಚು. ಇದ್ರಲ್ಲಿ ನಾನೇ ಒಂದ್ಸಲ ಕೈ ಸುಟ್ಕೊಂಡಿದೀನಿ. ಕಂದು ಬಣ್ಣದ್ದು, ಮೇಲೆ ಹಸಿರು ಎಲೆ ಚಿತ್ರ, ನೋಡೋಕೆ ಬಲು ಚೆಂದ. ಆಷಾಢದಲ್ಲಿ ಅದ್ರಲ್ಲಿ ಹಪ್ಳ ತುಂಬಿ ಕಳ್ಸಿದ್ದು, ಹೋಗಿ ಮುಟ್ಟೋ ಹೊತ್ತಿಗೆ ಹಪ್ಳ ಒದ್ದೆ ರಟ್ಟಿನ ಹಂಗೆ ಬಳುಕ್ತಿತ್ತಂತೆ, ಎರಡು ಕಟ್ಟಿಗೆ ಬೂಷ್ಟು. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆ ಹೊಡಿಯೋ ಸೀಮೆ ನಮ್ದು, ಇಲ್ಲಿ ಬರೀ ಕಾಗದಕ್ಕೆ ಥಂಡಿ ತಡಿಯೋ ತಾಕತ್ತು ಇಲ್ಲ. ಸರಿ ಅಂತ ಮಾರೋರು ಇನ್ನೊಂದು ತೋರಿಸ್ತಾರೆ, ಥಂಡಿ ತಡಿಯತ್ತೆ ಅಂತ. ಅದರ ಮೂಲೆ ಹರಿದು ಒಂದು ಗಂಟೆ ನೀರಲ್ಲಿ ನೆನೆಹಾಕಿ, ಕಾಗದ ಒಂದು ಕಡೆ ಸಿಪ್ಪೆ ಸುಲಿದ ಹಂಗೆ ಬರತ್ತೆ, ಒಳಗಿಂದ ತೆಳ್ಳಗೆ ಪ್ಲಾಸ್ಟಿಕ್ಕು ಸಿಗತ್ತೆ. ಅದು ಪೇಪರ್ ಗುಜರಿಗೂ ಹೋಗಲ್ಲ ಪ್ಲಾಸ್ಟಿಕ್ ಗುಜರಿಗೂ ಹೋಗಲ್ಲ, ಅದಕ್ಕಿಂತ ಒಂದೇ ಜಾತಿ ಪ್ಲಾಸ್ಟಿಕ್ಕಿನ ಸಾದಾ ಕವರೇ ವಾಸಿ, ಗುಜರಿಯೋರು ತಗೊಳ್ತಾರೆ. ಕೈತುಂಬ ಹಲಸಿನ ಮೇಣ ಮಾಡ್ಕೊಂಡು ತೊಳೆ ಬಿಡಿಸಿ, ಬೇಯಿಸಿ, ಕುಟ್ಟಿ, ತಟ್ಟಿ, ಕಾಗೆ ಕಾದು ಒಣಗ್ಸಿದ ಹಪ್ಳ ಬೂಷ್ಟು ಹಿಡಿದು ತಿಪ್ಪೆಗೆ ಹೋದ್ರೆ ಅದಕ್ಕಿಂತ ದೊಡ್ಡ ದಂಡ ಯಾವ್ದಿದೆ? ಹಪ್ಳದ ಒಳಗಿನ ಕವರ್ ಹಂಗೇ ಇರ್ಲಿ. ಗಿರಾಕಿಗೆ ಅದನ್ನೇ ಒಂದು ಚೀಟೀಲಿ ಬರೀರಿ, ಯಾಕೆ ಇಟ್ಟಿದೀವಿ ಅಂತ.

ಉಪ್ಪಿನಕಾಯಿಗೆ ಗಾಜಿನ ಬಾಟ್ಲಿ ಬಿಡ್ಬೇಡಿ. ಶಿವಮೊಗ್ಗ, ತೀರ್ಥಹಳ್ಳಿ ಪೇಟೇಲಿ ಕೈಯಾರೆ ತಲುಪಿಸೋ ಗಿರಾಕಿಗಳಿದ್ರೆ ಬಾಟ್ಲಿ ವಾಪಸ್ ತಗೊಳ್ಳಿ, ಮುಂದಿನ ಬಾಟ್ಲಿ ರೇಟಲ್ಲಿ ಇಷ್ಟು ಅಂತ ಮುರ್ಕೊಳ್ಳಿ, ಗೋಲಿ ಸೋಡಾ ಕಾಲದಿಂದ ನಮ್ಮ ಜನಕ್ಕೆ ಗೊತ್ತಿರೋ ವ್ಯವಹಾರನೇ ಅದು. ಕುದಿಯೋ ನೀರಲ್ಲಿ ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮುಚ್ಚಳ ಮಾತ್ರ ಪ್ರತಿ ಸಲ ಹೊಸ್ದು, ಹಳೇ ಮುಚ್ಚಳದ ಇಂಗಿನ ವಾಸನೆ ಏನ್ ಮಾಡಿದ್ರೂ ಹೋಗಲ್ಲ. ಡಬ್ಬದೊಳಗೆ ತುಂಬೋಕೆ ಬತ್ತದ ಹುಲ್ಲು ಹಾಕೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಹುಳ ಬರತ್ತೆ. ಹಳೇ ಪೇಪರ್ ಉಂಡೆ ಮಾಡಿ ಬಾಟ್ಲಿ ಹೊರಗೆ ಒತ್ತಬಹುದು, ತಿನ್ನೋ ಸಾಮಾನಿಗೆ ಮಾತ್ರ ತಾಗಬಾರ್ದು, ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಮಾಡಿದ 2018ರ ಪ್ಯಾಕಿಂಗ್ ನಿಯಮದಲ್ಲಿ ನ್ಯೂಸ್‌ಪೇಪರಲ್ಲಿ ಆಹಾರ ಕಟ್ಟೋ ಹಾಗಿಲ್ಲ.

ಮೇಳ, ಸಂತೇಲಿ ಸ್ಟಾಲ್ ಹಾಕೋದಿದ್ರೆ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಮುಟ್ಲೇಬೇಡಿ, ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಸ್ವೀಟ್ ಬಾಕ್ಸ್ ಮೇಲೆ ಸುತ್ತೋ ತೆಳ್ಳನೆ ಪ್ಲಾಸ್ಟಿಕ್ಕೂ 2022ರ ಜುಲೈ 1ರಿಂದ ದೇಶದಲ್ಲೆಲ್ಲ ಬಂದ್. ದಂಡ ಕಟ್ಟೋದೂ ಖರ್ಚೇ ತಾನೆ.

ಕೊನೇದು, ಪರಿಸರಸ್ನೇಹಿ ಅಂತ ರೇಟು ಏರಿಸೋಕೆ ಹೋಗ್ಬೇಡಿ. ವಾಟ್ಸಾಪಲ್ಲಿ ಹೊಗಳೋರೆಲ್ಲ ಜಾಸ್ತಿ ಕೊಡೋರಲ್ಲ.

ಪ್ರಶ್ನೆ: ನಮ್ದು ಸಾಗರ, ನಾಲ್ಕು ಎಕರೆ ಅಡಿಕೆ ತೋಟ. ಹಾಳೆ ತಟ್ಟೆ ಮೆಷಿನ್ ಹಾಕಿದ್ರೆ ಅಮೆರಿಕಕ್ಕೆ ಕಳಿಸಬಹುದು ಅಂತ ಒಬ್ರು ಹೇಳ್ತಿದಾರೆ. ಸಾಲ ಮಾಡ್ಲಾ?

ಉತ್ತರ: ಅಮೆರಿಕ ನಂಬಿ ಬೇಡ ತಮ್ಮ. 2025ರ ಮೇ ತಿಂಗಳಲ್ಲಿ ಅಲ್ಲಿ ಆಹಾರ, ಔಷಧಿ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆ ಊಟಕ್ಕೆ ಸುರಕ್ಷಿತ ಅಲ್ಲ ಅಂತ ಹೇಳ್ತು, ಅಡಿಕೇಲಿರೋ ಅರೆಕೋಲಿನ್ ಥರದ ಅಂಶ ಊಟಕ್ಕೆ ಇಳಿಬಹುದು ಅನ್ನೋದು ಅವ್ರ ತಕರಾರು. ತಲೆತಲಾಂತರದಿಂದ ಹಾಳೇಲಿ ತಿಂದ ನಮಗೆ ನಗು ಬರಬಹುದು, ಆದ್ರೆ ಬಂದರಲ್ಲಿ ಕಂಟೇನರ್ ನಿಂತ್ರೆ ನಗೋಕಾಗಲ್ಲ. ಊರಿನ ಮದುವೆ, ಗೃಹಪ್ರವೇಶ, ಕೇಟರಿಂಗ್‌ನೋರು, ಇಷ್ಟು ನೆಚ್ಕೊಂಡು ಲೆಕ್ಕ ಹಾಕಿ ಸರಿಹೋದ್ರೆ ಮಾತ್ರ ಹಾಕಿ. ನಾಲ್ಕು ಎಕರೆ ಹಾಳೆ ಮೆಷಿನ್ನಿಗೆ ಸಾಕಾಗಲ್ಲ, ಅಕ್ಕಪಕ್ಕದ ತೋಟದೋರ ಹತ್ರ ಮೊದ್ಲೇ ಮಾತಾಡ್ಕೊಳ್ಳಿ, ಮಳೆಗೆ ಮುಂಚೆ ಹಾಳೆ ಆರಿಸಿ ಒಣಗಿಸಿ ಪೇರಿಸೋಕೆ ದೊಡ್ಡ ಕೊಟ್ಟಿಗೆ ಬೇಕು. ನಾನು ಕಂಡ ಹಾಗೆ ಮೆಷಿನ್ ನಿಂತಿದ್ದು ಕರೆಂಟಿಗಿಂತ ಜಾಸ್ತಿ ಬೂಷ್ಟು ಹಿಡಿದ ಹಾಳೆಯಿಂದ.

ಪ್ರಶ್ನೆ: ಗೊಬ್ಬರ ಆಗೋ ಕವರ್ ಅಂತ ಮಾರ್ತಾರಲ್ಲ, ಗೊಬ್ಬರಗುಂಡಿಗೆ ಹಾಕಬಹುದಾ?

ಉತ್ತರ: ಪಿಎಲ್‌ಎ ಅಂತ ಜೋಳ, ಕಬ್ಬಿನಂಥದ್ರಿಂದ ಮಾಡೋ ಪ್ಲಾಸ್ಟಿಕ್ ಇದೆ, ಆ ಥರದ್ದಾದ್ರೆ ಅದಕ್ಕೆ 60 ಡಿಗ್ರಿ ಹತ್ರ ಕಾವು ವಾರಗಟ್ಲೆ ಬೇಕು, ಅದು ದೊಡ್ಡ ಕಾಂಪೋಸ್ಟ್ ಘಟಕದ ಕೆಲಸ. ನಮ್ಮನೆ ಗುಂಡಿಗೆ ಹಾಕಿದ್ದೊಂದು ವರ್ಷ ಕಳೆದು ತೋಟಕ್ಕೆ ಗೊಬ್ಬರ ಹೊರುವಾಗ ಸಿಕ್ತು, ಮೇಲೆ ಬರ್ದಿದ್ದ ಅಕ್ಷರಾನೂ ಓದೋ ಹಾಗಿತ್ತು.