ಉದ್ರಿ ಹಣ, ಕನ್ನಡದ ಬಿಲ್ಲು, ಬಿಡಲೋ ಬೇಡವೋ ಅನ್ನುವ ನೌಕರಿ

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಡುತ್ತಿರುವವರು ಹಾವೇರಿಯ ಉದ್ಯಮಿ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು, ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ನಡೆಸುತ್ತಿದ್ದಾರೆ.

ಅಕ್ಕ, ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಈಗಾಗಲೇ ಬೇಕಾದಷ್ಟಿವೆ. ನೀವು ಹೊಸದಾಗಿ ಮಾಡಿದ್ದೇನು?
— ಎಂಜಿನಿಯರಿಂಗ್ ವಿದ್ಯಾರ್ಥಿ, ರಾಣೆಬೆನ್ನೂರು

ಕನ್ನಡದಲ್ಲಿ ಬಿಲ್ಲು ಬರುವ ಹಾಗೆ ಮಾಡಿದೆವು. ಅಷ್ಟೇನಾ ಅನ್ನಬೇಡಪ್ಪ, ಅದರ ಹಿಂದೆ ಬಹಳ ಕೆಲಸ ಇದೆ.

ಅಂಗಡಿಯ ಗಲ್ಲಾದ ಪಕ್ಕ ಪುಟ್ಟ ಪ್ರಿಂಟರ್ ನೋಡಿರ್ತೀಯಲ್ಲ, ಅದಕ್ಕೆ ಶಾಯಿ ಬೇಡ. ಬಿಸಿ ತಾಗಿದ ಕಡೆ ಕಾಗದ ಕಪ್ಪಾಗುತ್ತದೆ. 58 ಮಿಲಿಮೀಟರ್ ಕಾಗದದ ಪ್ರಿಂಟರ್ ಅಡ್ಡಕ್ಕೆ 384 ಚುಕ್ಕಿ ಮೂಡಿಸುತ್ತದೆ. ಇಂಗ್ಲಿಷ್ ಅಕ್ಷರಗಳು ಅದರೊಳಗೇ ಇರುತ್ತವೆ. ಕನ್ನಡದವು ಇರುವುದಿಲ್ಲ. ಹಾಗಾಗಿ ಕನ್ನಡದ ಪ್ರತಿ ಸಾಲನ್ನೂ ಚಿತ್ರ ಮಾಡಿ, ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು. ಇಂಗ್ಲಿಷ್ ಅಕ್ಷರಕ್ಕೆ 24 ಚುಕ್ಕಿ ಎತ್ತರ ಸಾಕು. ಅಷ್ಟೇ ಎತ್ತರದಲ್ಲಿ ಅದೇ ಗಾತ್ರಕ್ಕೆ ‘ಸಕ್ಕರೆ’ ಬರೆಯಲು ಹೋದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಎಲ್ಲ ಸಾಲಿಗೂ ಎತ್ತರ ಜಾಸ್ತಿ ಕೊಟ್ಟರೆ ಕಾಗದ ಜಾಸ್ತಿ ಹೋಗುತ್ತದೆ, ಅಂಗಡಿಯವರು ಒಪ್ಪುವುದಿಲ್ಲ. ‘ಬ್ಯಾಡಗಿ ಮೆಣಸಿನಕಾಯಿ’ ಅಂತ ಪೂರ್ತಿ ಬರೆದರೆ ತೂಕ, ದರ ಬರೆಯಲು ಜಾಗ ಉಳಿಯಲ್ಲ. ಮೇಲಾಗಿ ಅಗ್ಗದ ಪ್ರಿಂಟರ್‌ಗೆ ಚಿತ್ರ ಕಳಿಸಿದರೆ ಅದು ನಿಂತು ನಿಂತು ಮುದ್ರಿಸುತ್ತದೆ. ಸಂಜೆ ಹೊತ್ತು ಗಿರಾಕಿಗಳು ತುಂಬಿರುವಾಗ ಯಾರು ಕಾಯ್ತಾರೆ?

ನಾವು ಅಂಗಡಿಯ ಸಾಮಾನಿನ ಹೆಸರುಗಳನ್ನೆಲ್ಲ ಮೊದಲೇ ಚಿತ್ರ ಮಾಡಿ ಇಟ್ಟುಕೊಳ್ಳುತ್ತೇವೆ. ಬಿಲ್ಲಿನ ಹೊತ್ತಿಗೆ ಅಂಕಿ ಸೇರಿಸಿದರಾಯ್ತು. ಒತ್ತಕ್ಷರ ಇರುವ ಸಾಲಿಗಷ್ಟೇ ಎತ್ತರ ಹೆಚ್ಚು ಕೊಡುತ್ತೇವೆ.

ಸಂತೆ ದಿನ ಅಂಗಡಿಗೆ ಬಂದ ಅಜ್ಜಿಯೊಬ್ಬರು ಬಿಲ್ಲನ್ನು ಕಣ್ಣಿನ ಹತ್ತಿರ ಹಿಡಿದು ಓದಿ, “ಬೆಲ್ಲ ನಾ ತಗೊಂಡೇ ಇಲ್ಲಲ್ಲೋ ತಮ್ಮಾ” ಅಂದದ್ದನ್ನು ನೋಡಿದ್ದೇನೆ. ಅವರ ಲೆಕ್ಕ ಅವರೇ ನೋಡಿಕೊಂಡರು. ಈ ಕೆಲಸ ನನಗೆ ಬಹಳ ಇಷ್ಟವಾಗುವುದು ಅದಕ್ಕೇ.

ನಮ್ಮದು ಯಂತ್ರದ ಬಿಡಿಭಾಗ ಮಾಡುವ ಸಣ್ಣ ಘಟಕ. ದೊಡ್ಡ ಕಂಪನಿಗಳು ಮೂರು ತಿಂಗಳಾದರೂ ಹಣ ಕೊಡುವುದಿಲ್ಲ. ಕೇಳಿದರೆ ಆರ್ಡರ್ ತಪ್ಪುತ್ತದೆ ಅನ್ನುವ ಭಯ.
— ಒಬ್ಬ ಓದುಗರು, ಗದಗ

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮಗೂ ಒಂದು ದೊಡ್ಡ ಕಂಪನಿ ಹೀಗೇ ಸತಾಯಿಸಿತ್ತು. ಪುಸ್ತಕದಲ್ಲಿ ಲಾಭ ಕಾಣುತ್ತಿತ್ತು, ಹುಡುಗರ ಸಂಬಳಕ್ಕೆ ಬ್ಯಾಂಕಿನಲ್ಲಿ ದುಡ್ಡಿರಲಿಲ್ಲ. ಬಾರದ ಹಣವನ್ನು ನಾನು ಹಣ ಅಂತಲೇ ಲೆಕ್ಕ ಹಾಕುವುದಿಲ್ಲ.

ನೀವು ಮೊದಲು ಉದ್ಯಮ್ ನೋಂದಣಿ ಮಾಡಿಸಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ, ಮಾಲು ಒಪ್ಪಿಕೊಂಡ ದಿನದಿಂದ 45 ದಿನದೊಳಗೆ ಹಣ ಕೊಡಲೇಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನವೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಇದು ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಸಿಗುವ ರಕ್ಷಣೆ. ಮಧ್ಯಮ ಗಾತ್ರದವರಿಗೆ ಇಲ್ಲ. ಕೊಂಡು ಮಾರುವ ವ್ಯಾಪಾರಿಗಳು ಉದ್ಯಮ್‌ನಲ್ಲಿ ಹೆಸರು ಬರೆಸಬಹುದು, ಆದರೆ ಈ ಅನುಕೂಲ ಅವರಿಗೆ ಸಿಗುವುದಿಲ್ಲ. ನೀವು ತಯಾರಕರು, ನಿಮಗಿದೆ.

ಕಾಯ್ದೆ ತೋರಿಸಿದರೆ ಆರ್ಡರ್ ಹೋಗುತ್ತದೆ ಅಂತೀರಿ. ಜಗಳ ಆಡಬೇಡಿ. ಬಿಲ್ಲಿನ ಮೇಲೇ ಉದ್ಯಮ್ ನಂಬರ್, ಹಣ ಸಲ್ಲಬೇಕಾದ ತಾರೀಖು ಮುದ್ರಿಸಿ. ನಿಗದಿತ ಅವಧಿಯೊಳಗೆ ಕೊಡದಿದ್ದರೆ, ಕೊಂಡ ಕಂಪನಿ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲೇ ತೆರಿಗೆ ಲೆಕ್ಕಕ್ಕೆ ಹಿಡಿಯಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಹೀಗೆ ತಡವಾದದ್ದನ್ನು ಮಾರ್ಚ್ ಒಳಗೆ ಕೊಡದಿದ್ದರೆ ಆ ವರ್ಷ ಅವರ ತೆರಿಗೆ ಹೆಚ್ಚಾಗುತ್ತದೆ. ಆ ಕಂಪನಿಯ ಅಕೌಂಟೆಂಟ್‌ಗೆ ಇದು ಗೊತ್ತಿರುತ್ತದೆ. ಹಾಗಾಗಿ ಖರೀದಿ ವಿಭಾಗದವರನ್ನು ಕಾಡುವ ಬದಲು ಅಕೌಂಟೆಂಟ್ ಜೊತೆ ಮಾತಾಡಿ, ಮಾರ್ಚ್‌ಗೆ ಮುಂಚೆ ಮಾತಾಡಿ. ಒಬ್ಬನೇ ಗಿರಾಕಿಯ ಕೈಯಲ್ಲಿ ನಿಮ್ಮ ಅರ್ಧ ವ್ಯಾಪಾರ ಇದ್ದರೆ, ಈ ವರ್ಷ ಇನ್ನೊಬ್ಬರನ್ನು ಹುಡುಕುವುದೇ ನಿಮ್ಮ ದೊಡ್ಡ ಕೆಲಸ. ಅಲ್ಲಿಯವರೆಗೆ ನಿಮ್ಮ ಘಟಕದ ನಿರ್ಧಾರಗಳನ್ನು ಅವರೇ ಮಾಡುತ್ತಿರುತ್ತಾರೆ.

ನಾಲ್ಕೂವರೆ ವರ್ಷದಿಂದ ಒಂದೇ ಕಂಪನಿಯಲ್ಲಿದ್ದೇನೆ. ಕಾಯಂ ನೌಕರಿ. ಬಿಟ್ಟು ಸ್ವಂತ ಮಾಡುವ ಆಸೆ. ಅಪ್ಪ ಬೇಡ ಅಂತಾರೆ. ಏನು ಮಾಡಲಿ?
— ಹುಬ್ಬಳ್ಳಿಯವಳು, ಈಗ ಬೆಂಗಳೂರು

ತಂಗಿ, ಬಿಡು ಅಂತ ನಾನು ಹೇಳುತ್ತೇನೆ, ಆದರೆ ಇವತ್ತೇ ಬೇಡ. ಐದು ವರ್ಷ ತುಂಬಿದರೆ ನಿನಗೆ ಗ್ರಾಚ್ಯುಟಿ, ಅಂದರೆ ನೌಕರಿ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗುತ್ತದೆ. ದುಡಿದು ಗಳಿಸಿದ್ದನ್ನು ಸುಮ್ನೆ ಯಾಕೆ ಬಿಡ್ತೀಯಾ? ಆ ಆರು ತಿಂಗಳಲ್ಲಿ ಇನ್ನೆರಡು ಕೆಲಸ ಮಾಡಿಕೊ. ಸ್ವಂತ ಹೆಸರಿನಲ್ಲಿ ಆರೋಗ್ಯ ವಿಮೆ ತಗೊ, ಕಂಪನಿಯ ವಿಮೆ ನೌಕರಿ ಜೊತೆಗೇ ಹೋಗುತ್ತದೆ. ಮೊದಲೇ ಇರುವ ಕಾಯಿಲೆಗಳಿಗೆ ಹೊಸ ವಿಮೆಯಲ್ಲಿ ಮೂರು ವರ್ಷದವರೆಗೂ ಕಾಯಬೇಕಾಗಬಹುದು, ಅಪ್ಪ ಅಮ್ಮನನ್ನು ಸೇರಿಸುವಾಗ ಇದನ್ನು ನೋಡು. ಇನ್ನೊಂದು, ಇಎಂಐ ತೀರಿಸು. ನಾನು ಬೆಂಗಳೂರು ಬಿಡುವ ಮುಂಚೆ ಕಾರು ಮಾರಿ ಅದರ ಸಾಲ ತೀರಿಸಿದೆ. ತಿಂಗಳಿಗೆ ಎಷ್ಟು ಬೇಕೇ ಬೇಕು ಅನ್ನುವ ಅಂಕಿ ಸಣ್ಣದಾದಷ್ಟೂ ಬೇಡವಾದ ಗಿರಾಕಿಗೆ ಬೇಡ ಅನ್ನುವ ಧೈರ್ಯ ಬರುತ್ತದೆ. ಪಿಎಫ್ ಮುಟ್ಟಬೇಡ.

ಅಪ್ಪನಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸು. ಮಗಳ ಕನಸು ಕೇಳಿ ಹೆದರುವ ಅಪ್ಪಂದಿರು ಲೆಕ್ಕ ನೋಡಿ ಸಮಾಧಾನ ಆಗುವುದನ್ನು ಕಂಡಿದ್ದೇನೆ.

ಉದ್ಯಮಿಯಾಗಲು ಯಾವ ಪುಸ್ತಕ ಓದಬೇಕು?
— ಶಾಲಾ ಶಿಕ್ಷಕರು, ಶಿರಸಿ

ಸರ್, ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳು ನನ್ನ ಕಪಾಟಿನಲ್ಲಿ ಕಡಿಮೆ. ಕಾದಂಬರಿ ಜಾಸ್ತಿ. ಪುಸ್ತಕಕ್ಕಿಂತ ಒಬ್ಬ ಲೇಖಕರ ಬದುಕು ನನಗೆ ಪಾಠವಾಗಿದೆ. ನಮ್ಮ ಜಿಲ್ಲೆಯವರೇ ಆದ ಗಳಗನಾಥರು (1869–1942). ನಿಮ್ಮ ಹಾಗೆ ಮಾಸ್ತರಾಗಿದ್ದವರು. ಕನ್ನಡದಲ್ಲಿ ಕಾದಂಬರಿ ಓದುವವರೇ ಕಡಿಮೆ ಇದ್ದ ಕಾಲದಲ್ಲಿ ಬರೆದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಓದುಗರು ಇಲ್ಲ ಅಂತ ಕೂರದೆ ಓದುಗರ ಮನೆ ಬಾಗಿಲಿಗೆ ಹೋದರು. ನಮ್ಮ ಸಾಫ್ಟ್‌ವೇರನ್ನು ನಾನು ಅಂಗಡಿ ಅಂಗಡಿಗೆ ಹೋಗಿ ತೋರಿಸುವಾಗ ಅವರು ನೆನಪಾಗುತ್ತಾರೆ.

ಇನ್ನೊಂದು ಓದು ನಮ್ಮ ಮಾವನವರ ಅಂಗಡಿಯ ಹಳೆ ಉದ್ರಿ ಪುಸ್ತಕ. ಹೆಸರಿನ ಮುಂದೆ ತಾರೀಖಿನ ಬದಲು ‘ಗೋವಿನಜೋಳ ಬಂದ ಮೇಲೆ’ ಅಂತ ಬರೆದಿರುತ್ತಿದ್ದರು. ಹಳ್ಳಿಯಲ್ಲಿ ದುಡ್ಡು ತಿಂಗಳ ಲೆಕ್ಕದಲ್ಲಿ ಓಡಾಡುವುದಿಲ್ಲ, ಬೆಳೆಯ ಲೆಕ್ಕದಲ್ಲಿ ಓಡಾಡುತ್ತದೆ. ಅದನ್ನು ಓದಿದ ಮೇಲೆ ನಾವು ತಿಂಗಳ ಚಂದಾ ಕೈಬಿಟ್ಟು, ವರ್ಷಕ್ಕೊಮ್ಮೆ ದೀಪಾವಳಿ ಆದ ಮೇಲೆ ತಗೊಳ್ಳಲು ಶುರು ಮಾಡಿದೆವು. ಅಂಗಡಿಯವರ ಕೈಯಲ್ಲಿ ಆಗ ಹಣ ಇರುತ್ತದೆ. ತಕರಾರಿಲ್ಲದೆ ಕೊಡುತ್ತಾರೆ.

ಎಐ ಬಂದು ನಿಮ್ಮಂಥ ಸಣ್ಣ ಕಂಪನಿಗಳು ಮುಚ್ಚುತ್ತವೆ ಅಂತಾರಲ್ಲ?
— ತುಮಕೂರು ಓದುಗರು

ನಾವೂ ಅದನ್ನು ಬಳಸುತ್ತೇವೆ. ಅಂಗಡಿಯವರು ಬಾಯಲ್ಲಿ ಹೇಳಿದರೆ ಬಿಲ್ಲು ಆಗಬೇಕು ಅನ್ನುವುದು ನಮ್ಮ ಈಗಿನ ಕೆಲಸ. ‘ಇನ್ನೂರ ಐವತ್ತು ಗ್ರಾಂ’ ಅಂದರೆ ಯಂತ್ರಕ್ಕೆ ತಿಳಿಯುತ್ತದೆ. ಅದನ್ನೇ ‘ಪಾವ್ ಕಿಲೋ’ ಅಂದರೆ ತಡವರಿಸುತ್ತದೆ. ಗಲ್ಲಾದ ಮುಂದೆ ನಿಂತು ಜನ ಹೇಗೆ ಮಾತಾಡುತ್ತಾರೆ ಅಂತ ಕೇಳಿಸಿಕೊಳ್ಳುವವರಿಗೆ ಇನ್ನೂ ಬಹಳ ಕಾಲ ಕೆಲಸ ಇದೆ.

ಗೆಳೆಯನ ಜೊತೆ ಪಾಲುದಾರಿಕೆ. ಬಾಯಿಮಾತು ಸಾಕಲ್ವಾ?
— ಒಬ್ಬ ಓದುಗರು, ದಾವಣಗೆರೆ

ಸಾಲದು. ಗೆಳೆತನ ಉಳಿಯಬೇಕು ಅಂತಿದ್ದರೆ ಬರೆದಿಡಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಮಾತಾಗಿರದಿದ್ದರೆ ಲಾಭ ನಷ್ಟ ಸಮಪಾಲು. ಬೆಳಗಿಂದ ರಾತ್ರಿವರೆಗೆ ಅಂಗಡಿಯಲ್ಲಿ ನಿಂತವರಿಗೆ ಬೇರೆ ಸಂಬಳವೂ ಇಲ್ಲ. ಸಂಸ್ಥೆ ನೋಂದಣಿ ಆಗಿರದಿದ್ದರೆ, ವ್ಯವಹಾರದಲ್ಲಿ ಬಾಕಿ ಉಳಿಸಿಕೊಂಡವರ ಮೇಲೆ ಸಂಸ್ಥೆಯ ಹೆಸರಿನಲ್ಲಿ ದಾವೆ ಹೂಡುವುದಕ್ಕೂ ಆಗುವುದಿಲ್ಲ. ಯಾರು ಎಷ್ಟು ಹಾಕಿದ್ದೀರಿ, ಯಾರಿಗೆ ಎಷ್ಟು ಸಂಬಳ, ಒಬ್ಬರು ಬಿಟ್ಟು ಹೋದರೆ ಪಾಲಿನ ಬೆಲೆ ಹೇಗೆ ಕಟ್ಟಬೇಕು, ಎಷ್ಟು ಕಂತಿನಲ್ಲಿ ಕೊಡಬೇಕು, ಇಷ್ಟನ್ನೂ ವಕೀಲರ ಹತ್ತಿರ ಹೋಗುವ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ. ಇಬ್ಬರ ಮನೆಯವರೂ ಜೊತೆಯಲ್ಲಿರಲಿ.