ಲಸಿಕೆ ಆದ ಮೇಲೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೇಗೆ ಗೊತ್ತಾಗುತ್ತದೆ? ಚಿಕಿತ್ಸೆ ಏನು?

ನೀವು ಎರಡು ವಿಷಯ ಕೇಳಿದ್ದೀರಿ. ಕೋವಿಡ್ ಲಸಿಕೆ ಆದ ಮೇಲೆ ಕೆಲವರಿಗೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತಲ್ಲ, ಅದನ್ನು ಡಾಕ್ಟರ್‌ಗಳು ಹೇಗೆ ಪತ್ತೆ ಮಾಡುತ್ತಾರೆ, ಏನು ಚಿಕಿತ್ಸೆ ಕೊಡುತ್ತಾರೆ ಅನ್ನುವುದು ಒಂದು. 2021ರಲ್ಲಿ ಲಸಿಕೆ ಹಾಕಿಸಿಕೊಂಡ ನಿಮಗೆ ಈಗ ತಲೆನೋವು ಬಂದಾಗಲೆಲ್ಲ ಎದೆ ಢವಢವ ಅನ್ನುತ್ತದೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಈ ಕಾಯಿಲೆ ಲಸಿಕೆಯಾದ ಸುಮಾರು 5ರಿಂದ 30 ದಿನದೊಳಗೆ ಶುರುವಾಗುತ್ತದೆ, ಅಪರೂಪಕ್ಕೆ ಆರೇಳು ವಾರದ ತನಕ. ವರ್ಷಗಟ್ಟಲೆ ಮೈಯಲ್ಲಿ ಅಡಗಿ ಕೂತಿದ್ದು ಆಮೇಲೆ ಎದ್ದು ಬರುವಂಥದ್ದಲ್ಲ. ಈಗಿನ ತಲೆನೋವು ಕಾಡುತ್ತಿದ್ದರೆ ಖಂಡಿತ ಡಾಕ್ಟರಿಗೆ ತೋರಿಸಿ, ಆದರೆ ಲಸಿಕೆಯ ಮೇಲೆ ಹೊರಿಸಬೇಡಿ.

ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ನೋಡುವ ಪೆಥಾಲಜಿಸ್ಟ್. ನಾವು ಎಷ್ಟೋ ಸಲ ರೋಗಿಯ ಮುಖವನ್ನೇ ನೋಡಿರುವುದಿಲ್ಲ, ಟ್ಯೂಬ್ ನೋಡಿರುತ್ತೇವೆ. ಹಾಗಾಗಿ ನನ್ನ ಪಾಲಿಗೆ ಈ ಕಥೆ ಪ್ಲೇಟ್‌ಲೆಟ್‌ನಿಂದ ಶುರುವಾಗುತ್ತದೆ.

ಪ್ಲೇಟ್‌ಲೆಟ್ ಕಡಿಮೆಯಾದರೆ ರಕ್ತಸ್ರಾವ ಆಗುತ್ತದೆ ಅಂತ ಡೆಂಗಿ ನೋಡಿದವರಿಗೆಲ್ಲ ಗೊತ್ತು. ಇಲ್ಲಿ ಉಲ್ಟಾ. ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿರುತ್ತದೆ, ಅದೇ ಹೊತ್ತಿಗೆ ಮೈಯಲ್ಲಿ ರಕ್ತ ಹೆಪ್ಪುಗಟ್ಟುತ್ತಲೂ ಇರುತ್ತದೆ. ಪ್ಲೇಟ್‌ಲೆಟ್‌ನಿಂದ ಪಿಎಫ್4 ಅನ್ನುವ ಒಂದು ಪ್ರೋಟೀನ್ ಹೊರಬರುತ್ತದೆ. ಲಕ್ಷಾಂತರ ಜನರಲ್ಲಿ ಕೆಲವೇ ಕೆಲವರಿಗೆ, ಲಸಿಕೆಯಾದ ಮೇಲೆ ಈ ಪ್ರೋಟೀನಿನ ವಿರುದ್ಧವೇ ಪ್ರತಿಕಾಯ ಹುಟ್ಟಿಕೊಳ್ಳುತ್ತದೆ. ಪ್ರತಿಕಾಯ ಮತ್ತು ಪಿಎಫ್4 ಒಂದಕ್ಕೊಂದು ಅಂಟಿಕೊಂಡು ಹೋಗಿ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತವೆ. ಕೆರಳಿದ ಪ್ಲೇಟ್‌ಲೆಟ್‌ಗಳು ಹೆಪ್ಪು ಕಟ್ಟುವುದರಲ್ಲೇ ಖರ್ಚಾಗಿಹೋಗುತ್ತವೆ. ಎಣಿಕೆಯಲ್ಲಿ ಕಡಿಮೆ ಕಾಣುವುದು ಅದಕ್ಕೇ.

ಇದಕ್ಕೆ ವಿಐಟಿಟಿ ಅಂತ ಹೆಸರು. ಪತ್ರಿಕೆಗಳಲ್ಲಿ ಟಿಟಿಎಸ್ ಅಂತ ಓದಿರುತ್ತೀರಿ. ಅಡಿನೋವೈರಸ್ ಅನ್ನುವ ವೈರಾಣು ಬಳಸಿ ಮಾಡಿದ ಎರಡು ಲಸಿಕೆಗಳ ನಂತರ ಇದು ಮುಖ್ಯವಾಗಿ ಕಂಡುಬಂತು: ಆಸ್ಟ್ರಾಜೆನೆಕಾ, ಅಂದರೆ ಕೋವಿಶೀಲ್ಡ್ ಹೆಸರಿನಲ್ಲಿ ಬಂದದ್ದೂ ಅದೇ, ಮತ್ತು ಜಾನ್ಸನ್. 2021ರ ಮಾರ್ಚ್‌ನಲ್ಲಿ ನಾರ್ವೆಯ ಓಸ್ಲೊದಲ್ಲಿ 5 ಜನ ಆರೋಗ್ಯ ಕಾರ್ಯಕರ್ತರು ಲಸಿಕೆಯಾದ 7ರಿಂದ 10 ದಿನದೊಳಗೆ ಹೀಗೆ ಆಸ್ಪತ್ರೆ ಸೇರಿದರು. ಅವರಲ್ಲಿ 3 ಜನ ಉಳಿಯಲಿಲ್ಲ. ಅದೇ ಹೊತ್ತಿಗೆ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ಆಂಡ್ರಿಯಾಸ್ ಗ್ರೈನಾಖರ್ ತಂಡವೂ ಈ ಪಿಎಫ್4 ಪ್ರತಿಕಾಯ ಹಿಡಿಯಿತು. ಏಪ್ರಿಲ್‌ನಲ್ಲಿ ಎಲ್ಲವೂ ಪ್ರಕಟವಾಯಿತು. 2024ರಲ್ಲಿ "ಲಸಿಕೆಯಿಂದ ಅಪರೂಪಕ್ಕೆ ಹೀಗಾಗಬಹುದು ಅಂತ ಆಸ್ಟ್ರಾಜೆನೆಕಾ ಕಂಪನಿ ಕೋರ್ಟಿನಲ್ಲಿ ಒಪ್ಪಿಕೊಂಡಿದೆ" ಅಂತ ಟಿವಿಯವರು ಕೂಗಿದ್ದು ನೆನಪಿರಬೇಕಲ್ವಾ? ಸುದ್ದಿ ಹೊಸದಾಗಿತ್ತು, ವಿಷಯ ಆಗಲೇ ಮೂರು ವರ್ಷ ಹಳೆಯದು.

ನಾನು ಕಣ್ಣಾರೆ ಕಂಡದ್ದು ಒಂದೇ ಕೇಸು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾಲ್ಕು ದಿನದಿಂದ ತಲೆನೋವು, ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ವಾಸಿ. ಒಂದು ಕ್ಲಿನಿಕ್‌ನಲ್ಲಿ ಮೈಗ್ರೇನ್ ಅಂತ ಮಾತ್ರೆ ಕೊಟ್ಟು ಕಳಿಸಿದ್ದರು. ನಮ್ಮಲ್ಲಿಗೆ ಬಂದಾಗ ವಾಂತಿ, ಕಣ್ಣು ಮಂಜು. ಸಾದಾ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಮೆಷಿನ್ ಪ್ಲೇಟ್‌ಲೆಟ್ 24,000 ಅಂತ ತೋರಿಸಿತು. ಇರಬೇಕಾದದ್ದು ಕನಿಷ್ಠ ಒಂದೂವರೆ ಲಕ್ಷ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ರಕ್ತ ಹೆಪ್ಪುಗಟ್ಟದಂತೆ ಟ್ಯೂಬ್‌ನಲ್ಲಿ ಇಡಿಟಿಎ ಅನ್ನುವ ರಾಸಾಯನಿಕ ಹಾಕಿರುತ್ತಾರೆ. ಕೆಲವರ ರಕ್ತ ಆ ಟ್ಯೂಬ್‌ಗೆ ಬಿದ್ದ ಕೂಡಲೇ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಮೆಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ, ಸುಳ್ಳು ಲೆಕ್ಕ ಕೊಡುತ್ತದೆ. ದಿನಾ ನೋಡುವ ತಮಾಷೆ ಇದು. ಇದೂ ಅದೇ ಇರಬೇಕು ಅಂದುಕೊಂಡು ಟ್ಯೂಬನ್ನು ಪಕ್ಕಕ್ಕೆ ಇಟ್ಟೆ. ಅರ್ಧ ಗಂಟೆ ಹೋಯಿತು. ಆಮೇಲೆ ಗಾಜಿನ ಸ್ಲೈಡ್ ಮೇಲೆ ಸ್ಮಿಯರ್, ಅಂದರೆ ರಕ್ತದ ತೆಳು ಪದರ, ಎಳೆದು ನೋಡಿದರೆ ಅಂಚಿನವರೆಗೂ ಒಂದು ಗುಂಪೂ ಇಲ್ಲ. ಅಲ್ಲೊಂದು ಇಲ್ಲೊಂದು ಪ್ಲೇಟ್‌ಲೆಟ್, ಅಷ್ಟೇ. ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಇನ್ನೊಮ್ಮೆ ರಕ್ತ ತರಿಸಿದೆ. ಅದೇ ಲೆಕ್ಕ. ಡಿ-ಡೈಮರ್ ಮೆಷಿನ್ನಿನ ಮಿತಿ ದಾಟಿತ್ತು, ತೆಳು ಮಾಡಿ ಮತ್ತೆ ಹಾಕಬೇಕಾಯಿತು. ಹೆಪ್ಪು ಕರಗುವಾಗ ಉಳಿಯುವ ಚೂರುಗಳನ್ನು ಅಳೆಯುವ ಪರೀಕ್ಷೆ ಅದು. 4000 ದಾಟಿದರೆ ಈ ಕಾಯಿಲೆಯ ಅನುಮಾನ ಗಟ್ಟಿಯಾಗುತ್ತದೆ. ವಾರ್ಡಿಗೆ ಫೋನ್ ಮಾಡಿ, "ಲಸಿಕೆ ಯಾವಾಗ ಹಾಕಿಸಿಕೊಂಡಿದ್ದಾರೆ ಕೇಳಿ" ಅಂದೆ. 11 ದಿನದ ಹಿಂದೆ.

ಆಮೇಲೆ ಸಿಟಿ ವೆನೋಗ್ರಾಮ್ ಮಾಡಿದರು. ಮಿದುಳಿಗೆ ರಕ್ತ ಹೋಗುವ ದಾರಿ ಬೇರೆ, ವಾಪಸ್ ಬರುವ ದಾರಿ ಬೇರೆ. ಈ ಹೆಪ್ಪು ವಾಪಸ್ ಬರುವ ದಾರಿಯಲ್ಲಿ ಕೂರುತ್ತದೆ. ಬಣ್ಣದ ಔಷಧಿ ಕೊಟ್ಟು ಆ ದಾರಿಯನ್ನೇ ನೋಡುವುದು ವೆನೋಗ್ರಾಮ್. ಎಂಆರ್‌ಐನಲ್ಲೂ ಮಾಡಬಹುದು. ಸಾದಾ ಸಿಟಿ ಚೆನ್ನಾಗಿದೆ ಅಂತ ಮನೆಗೆ ಕಳಿಸಿದರೆ ಮೋಸ ಹೋದ ಹಾಗೆ. ಇವರಿಗೆ ಹಣೆಯಿಂದ ನೆತ್ತಿಯ ನಡುವೆ ಹಿಂದಕ್ಕೆ ಹಾಯುವ ದೊಡ್ಡ ಕಾಲುವೆಯ ಅರ್ಧ ಭಾಗದಲ್ಲಿ ಬಣ್ಣವೇ ತುಂಬಿರಲಿಲ್ಲ.

ಪಿಎಫ್4 ಪ್ರತಿಕಾಯ ಇದೆಯೋ ಇಲ್ಲವೋ ಅನ್ನುವುದು ಕೊನೆಯ ಪರೀಕ್ಷೆ. ಅದನ್ನು ಎಲೈಸಾ ಅನ್ನುವ ಲ್ಯಾಬ್ ವಿಧಾನದಲ್ಲೇ ಮಾಡಬೇಕು. ರಕ್ತ ತೆಳು ಮಾಡುವ ಹೆಪಾರಿನ್ ಅನ್ನುವ ಔಷಧಿಯ ಅಡ್ಡಪರಿಣಾಮ ಪತ್ತೆಗೆ ಇರುವ ದಿಢೀರ್ ಕಿಟ್‌ಗಳು ಈ ಕಾಯಿಲೆಯಲ್ಲಿ ಎಷ್ಟೋ ಸಲ ನೆಗೆಟಿವ್ ಬರುತ್ತವೆ. ಎಲೈಸಾ ಫಲಿತಾಂಶ ಕೈಗೆ ಬರಲು ದಿನಗಳೇ ಬೇಕಾಗಬಹುದು. ನಮಗೆ ಮೂರನೇ ದಿನ ಬಂತು. ಅಲ್ಲಿಯವರೆಗೆ ಕಾಯುತ್ತಾ ಕೂರುವ ಹಾಗಿಲ್ಲ.

ಚಿಕಿತ್ಸೆಯಲ್ಲಿ ಮೊದಲನೆಯದು ಐವಿಐಜಿ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳ ಡ್ರಿಪ್ ಅದು. ಆ ಕೆಟ್ಟ ಪ್ರತಿಕಾಯ ಪ್ಲೇಟ್‌ಲೆಟ್ ಮೇಲೆ ಹಿಡಿದುಕೊಳ್ಳುವ ಜಾಗವನ್ನೆಲ್ಲ ಇದು ಮೊದಲೇ ತುಂಬಿಬಿಡುತ್ತದೆ. ತೂಕದ ಪ್ರತಿ ಕಿಲೋಗೆ 1 ಗ್ರಾಂ, ಸಾಮಾನ್ಯವಾಗಿ ಎರಡು ದಿನ. 60 ಕಿಲೋ ತೂಕದವರಿಗೆ ದಿನಕ್ಕೆ 60 ಗ್ರಾಂ ಆಯಿತು. ಬಾಟಲಿ ಮೇಲೆ ಬಾಟಲಿ, ನಿಧಾನಕ್ಕೆ ಗಂಟೆಗಟ್ಟಲೆ ಹೋಗುತ್ತದೆ. ತಮಾಷೆ ಅಂದರೆ ಇದರದ್ದೇ ಒಂದು ಅಡ್ಡಪರಿಣಾಮ ತಲೆನೋವು.

ಜೊತೆಗೆ ರಕ್ತ ತೆಳು ಮಾಡುವ ಔಷಧಿ. ಸಾಮಾನ್ಯವಾಗಿ ಕೈ ಹೋಗುವುದು ಹೆಪಾರಿನ್‌ಗೆ. ಆದರೆ ಹೆಪಾರಿನ್‌ನಿಂದಲೇ ಬರುವ ಇಂಥದ್ದೇ ಒಂದು ಕಾಯಿಲೆ ಇದೆ, ಅಲ್ಲೂ ತಂಟೆ ಪಿಎಫ್4ನದ್ದೇ. ಹಾಗಾಗಿ ಅದನ್ನು ಬಿಟ್ಟು ಆರ್ಗಟ್ರೊಬಾನ್, ಫೊಂಡಾಪ್ಯಾರಿನಕ್ಸ್‌ನಂಥ ಇಂಜೆಕ್ಷನ್ ಅಥವಾ ಅಪಿಕ್ಸಾಬಾನ್‌ನಂಥ ಮಾತ್ರೆ ಕೊಡುತ್ತಾರೆ. ಮಿದುಳಿನಲ್ಲಿ ರಕ್ತ ಒಸರಿದ್ದರೂ ಈ ಔಷಧಿ ಕೊಡುವುದುಂಟು. ಕೇಳಿದ ಮನೆಯವರು ಗಾಬರಿಯಾಗುತ್ತಾರೆ. ಮೋರಿ ಕಟ್ಟಿಕೊಂಡಾಗ ನೀರು ಹಿಂದಕ್ಕೆ ಉಕ್ಕುತ್ತದಲ್ಲ, ಆ ಒಸರುವಿಕೆ ಅಂಥದ್ದು. ಕಟ್ಟಿದ್ದು ಬಿಡಿಸದೆ ಅದು ನಿಲ್ಲುವುದಿಲ್ಲ.

ಪ್ಲೇಟ್‌ಲೆಟ್ ಕಡಿಮೆ ಇದೆ ಅಂತ ಡೆಂಗಿಗೆ ಕೊಟ್ಟ ಹಾಗೆ ಪ್ಲೇಟ್‌ಲೆಟ್ ಏರಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ತುರ್ತು ಆಪರೇಷನ್ ಇದ್ದರೆ ಮಾತ್ರ ಕೊಡುತ್ತಾರೆ. ತೀರಾ ಕೆಟ್ಟ ಸ್ಥಿತಿಯವರಿಗೆ ಪ್ಲಾಸ್ಮಾ ಬದಲಾಯಿಸುತ್ತಾರೆ. ಮಿದುಳು ಊದಿಕೊಂಡರೆ ತಲೆಬುರುಡೆಯ ಒಂದು ಭಾಗ ತೆಗೆದು ಜಾಗ ಮಾಡಿಕೊಡಬೇಕಾಗುತ್ತದೆ. ಬ್ರಿಟನ್ನಿನ ಮೊದಲ 220 ರೋಗಿಗಳಲ್ಲಿ ಶೇಕಡಾ 22ರಷ್ಟು ಜನ ತೀರಿಕೊಂಡರು. ಪ್ಲೇಟ್‌ಲೆಟ್ 30,000ಕ್ಕಿಂತ ಕಡಿಮೆಯಿದ್ದು ಮಿದುಳಿನಲ್ಲಿ ರಕ್ತಸ್ರಾವವೂ ಆದವರಲ್ಲಿ ಸಾವು ಶೇಕಡಾ 73. ಬೇಗ ಹಿಡಿಯಬೇಕು ಅಂತ ನಾವು ಹೊಡೆದಾಡುವುದು ಅದಕ್ಕೇ.

ನಮ್ಮ ರೋಗಿಯ ಪ್ಲೇಟ್‌ಲೆಟ್ ನಾಲ್ಕನೇ ದಿನ ಏರತೊಡಗಿತು. ಮೂರು ವಾರಕ್ಕೆ ಮನೆಗೆ ಹೋದರು. ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡರು. ಎಡಗೈಯಲ್ಲಿ ಸ್ವಲ್ಪ ಮರಗಟ್ಟಿದ ಹಾಗೆ ಉಳಿಯಿತು.

ಇಷ್ಟು ಓದಿ ನೀವು ಸುಮ್ನೆ ಒಂದು ಡಿ-ಡೈಮರ್ ಮಾಡಿಸಿಬಿಡೋಣ ಅಂದುಕೊಳ್ಳಬಹುದು. ದಯವಿಟ್ಟು ಬೇಡ. ಸೋಂಕು, ಬಸಿರು, ಆಪರೇಷನ್, ವಯಸ್ಸು, ಎಲ್ಲದಕ್ಕೂ ಅದು ಏರುತ್ತದೆ. ಒಂದು ಸಂಖ್ಯೆ ಹಿಡಿದುಕೊಂಡು ಬಂದು ನನ್ನ ಲ್ಯಾಬಿನ ಬಾಗಿಲಲ್ಲಿ ನಿಂತವರನ್ನು ತುಂಬಾ ನೋಡಿದ್ದೇನೆ. ಲಸಿಕೆಯದ್ದೇ ಆಗಿರಲಿ ಬೇರೆಯದ್ದೇ ಆಗಿರಲಿ, ದಿನದಿಂದ ದಿನಕ್ಕೆ ಏರುವ, ಮಲಗಿದರೆ ಜೋರಾಗುವ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಫಿಟ್ಸ್, ಕೈಕಾಲು ಸೋಲುವುದು, ಚರ್ಮದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಂಡರೆ ಲ್ಯಾಬಿಗಲ್ಲ, ಆ ದಿನವೇ ಎಮರ್ಜೆನ್ಸಿಗೆ ಹೋಗಿ. ಇತ್ತೀಚೆಗೆ ಯಾವುದಾದರೂ ಲಸಿಕೆ ಆಗಿದ್ದರೆ ಅದರ ತಾರೀಕನ್ನು ಅವರು ಕೇಳದಿದ್ದರೂ ನೀವೇ ಹೇಳಿ.