ಓದುಗರ ಪ್ರಶ್ನೆ: ಶೆಡ್ ನಮ್ಮದು, ಜಾಗ ಅವರದು. ಖಾಲಿ ಮಾಡಿ ಅಂದರೆ?

ಪ್ರಶ್ನೆ: ನಾವು ತೋರಣಗಲ್ಲು ಹತ್ತಿರ ಇದ್ದೇವೆ. ಮನೆಯವರು ಕಾಂಟ್ರ್ಯಾಕ್ಟ್ ಕೆಲಸಕ್ಕೆ ಹೋಗುತ್ತಾರೆ. ಒಬ್ಬರ ಖಾಲಿ ಜಾಗಕ್ಕೆ ತಿಂಗಳ ಬಾಡಿಗೆ ಕೊಟ್ಟು, ನಮ್ಮ ದುಡ್ಡಲ್ಲೇ ತಗಡಿನ ಶೆಡ್ ಹಾಕಿಕೊಂಡಿದ್ದೇವೆ. ನಮ್ಮ ಹಾಗೆ ಇನ್ನೂ ಮೂವತ್ತು ಮನೆ ಇವೆ. ಈಗ ಜಾಗ ಮಾರಿದ್ದಾರಂತೆ, ಲೇಔಟ್ ಆಗುತ್ತಂತೆ. ಒಂದು ವಾರದಲ್ಲಿ ಖಾಲಿ ಮಾಡಿ, ಇಲ್ಲಾಂದ್ರೆ ಜೆಸಿಬಿ ಬರುತ್ತೆ ಅಂತ ಬಾಯಲ್ಲೇ ಹೇಳಿ ಹೋದರು. ಪರಿಹಾರ ಕೇಳಬಹುದಾ?
– ಹೆಸರು ಬೇಡ, ಸಂಡೂರು ತಾಲ್ಲೂಕು

ಉತ್ತರ: ಅಕ್ಕಾ, ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಖಾಸಗಿ ಜಾಗದ ಮಾಲೀಕರು ಬಾಡಿಗೆದಾರರನ್ನು ಬಿಡಿಸುವಾಗ ಬೇರೆ ಕಡೆ ಮನೆ ಮಾಡಲು ದುಡ್ಡು ಕೊಡಲೇಬೇಕು ಅನ್ನುವ ನಿಯಮ ನಿಮ್ಮಂಥವರ ವಿಷಯದಲ್ಲಿ ನಮ್ಮಲ್ಲಿಲ್ಲ. ಇರಬೇಕಿತ್ತು, ಇಲ್ಲ. ಹಾಗಂತ ಅವರು ಹೇಳಿದ ದಿನ ಗಂಟುಮೂಟೆ ಕಟ್ಟಬೇಕಾಗಿಯೂ ಇಲ್ಲ.

ಕರಾರು ಪತ್ರ ಇಲ್ಲದೆ ತಿಂಗಳ ಬಾಡಿಗೆಗೆ ಇರುವವರನ್ನು ಬಿಡಿಸಲು 15 ದಿನದ ನೋಟಿಸ್ ಕೊಡಬೇಕು, ಅದೂ ಬರವಣಿಗೆಯಲ್ಲಿ, ಸಹಿ ಹಾಕಿ. ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್. ಬಾಯಲ್ಲಿ ಹೇಳಿದ್ದು ನೋಟಿಸ್ ಅಲ್ಲ. ಜಾಗ ಮಾರಿದ್ದರೂ ಅಷ್ಟೇ, ಹಳೇ ಮಾಲೀಕರ ಜಾಗದಲ್ಲಿ ಹೊಸಬರು ಬಂದು ನಿಲ್ಲುತ್ತಾರೆಯೇ ಹೊರತು ನೀವು ರಾತ್ರೋರಾತ್ರಿ ಅತಿಕ್ರಮಣದಾರರಾಗುವುದಿಲ್ಲ. ನೋಟಿಸ್ ಅವಧಿ ಮುಗಿದ ಮೇಲೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕು, ಜೆಸಿಬಿ ತರುವ ಹಾಗಿಲ್ಲ. ಜಬರದಸ್ತಿಯಿಂದ ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಅಲ್ಲಿ ಜಾಗ ಯಾರದ್ದು ಅನ್ನುವ ಪ್ರಶ್ನೆ ಬರುವುದಿಲ್ಲ, ಯಾರು ಇದ್ದರು, ಹೇಗೆ ಹೊರಗೆ ಹಾಕಿದರು ಅನ್ನುವುದಷ್ಟೇ ಮುಖ್ಯ. ಜೆಸಿಬಿ ಬಂದೇ ಬಿಟ್ಟರೆ 112ಕ್ಕೆ ಫೋನ್ ಮಾಡಿ, ವಿಡಿಯೋ ಮಾಡಿ. ಜಗಳಕ್ಕೆ ನಿಲ್ಲಬೇಡಿ, ಕೇಸು ನಿಮ್ಮ ಮೇಲೇ ತಿರುಗುತ್ತೆ.

ಇನ್ನು ಶೆಡ್ ವಿಷಯ. ಮೊದಲು ಹೇಳಿದ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ಮಾತಿದೆ. ಬಾಡಿಗೆದಾರ ತಾನು ನೆಲಕ್ಕೆ ಕಟ್ಟಿದ್ದನ್ನು, ನೆಟ್ಟಿದ್ದನ್ನು ಬಿಚ್ಚಿಕೊಂಡು ಹೋಗಬಹುದು. ಷರತ್ತು ಎರಡು: ಜಾಗ ಇನ್ನೂ ನಿಮ್ಮ ಸ್ವಾಧೀನದಲ್ಲಿ ಇರುವಾಗಲೇ ಬಿಚ್ಚಬೇಕು, ಜಾಗವನ್ನು ಮೊದಲು ಹೇಗಿತ್ತೋ ಹಾಗೆ ಬಿಟ್ಟು ಹೋಗಬೇಕು. ಅದಕ್ಕೇ ಹೇಳುವುದು, ಆಮೇಲೆ ಬಂದು ಒಯ್ತೀವಿ ಅಂತ ಹೊರಡಬೇಡಿ. ತಗಡು, ಕಬ್ಬಿಣದ ಪೈಪು, ಬಾಗಿಲು, ನೀರಿನ ಸಿಂಟೆಕ್ಸು ಎಲ್ಲಾ ನಿಮ್ಮದೇ. ತಗಡನ್ನು ನಿಧಾನವಾಗಿ ಬೋಲ್ಟ್ ಬಿಚ್ಚಿ ಇಳಿಸಿ. ಅವಸರದಲ್ಲಿ ಕಿತ್ತರೆ ತೂತು ಹರಿದು ದೊಡ್ಡದಾಗುತ್ತೆ, ಹೊಸ ಜಾಗದಲ್ಲಿ ಹಾಕಿದ ಮೊದಲ ಮಳೆಗೇ ಸೋರುತ್ತೆ. ಬಿಚ್ಚಲು ಎರಡು ದಿನ ಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದೇ ಟೈಮ್ ಕೇಳಿ.

ಪರಿಹಾರ ಕೇಳುವ ಹಕ್ಕಿಲ್ಲ ಅಂದೆ, ಆದರೆ ಚೌಕಾಶಿ ಮಾಡಲು ಯಾರ ಅಪ್ಪಣೆಯೂ ಬೇಡ! ಲೇಔಟ್ ಮಾಡುವವರಿಗೆ ಅವಸರ ಇರುತ್ತೆ, ಕೋರ್ಟಿಗೆ ಅವಸರ ಇರುವುದಿಲ್ಲ. ಮೂವತ್ತು ಮನೆಯವರು ಒಟ್ಟಿಗೆ ಕೂತು ಮೂರು ತಿಂಗಳು ಸಮಯ, ಅಡ್ವಾನ್ಸ್ ವಾಪಸ್, ಸಾಮಾನು ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆ ಕೇಳಿ. ಒಬ್ಬೊಬ್ಬರೇ ಹೋದರೆ ಐದು ಸಾವಿರ ಕೈಗಿಟ್ಟು ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಓದದೆ ಯಾವ ಬಾಂಡ್ ಪೇಪರಿಗೂ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಬಾಡಿಗೆ ನಿಲ್ಲಿಸಬೇಡಿ, ಕೈಯಲ್ಲಿ ತಗೊಳ್ಳದಿದ್ದರೆ ಫೋನ್‌ಪೇಗೆ ಹಾಕಿ, ಅದೇ ನಿಮ್ಮ ರಸೀದಿ. ಜೆಸ್ಕಾಂ ಬಿಲ್, ಆಧಾರ್, ಮಕ್ಕಳ ಶಾಲೆ ಚೀಟಿ, ಆ ವಿಳಾಸ ಇರುವ ಏನೇ ಇದ್ದರೂ ಒಂದು ಕವರಿಗೆ ಹಾಕಿಡಿ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಸಂಡೂರು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಅರ್ಜಿಯನ್ನು ನಿಮ್ಮ ಹೆಸರಲ್ಲೇ ಹಾಕಿ, ಮನೆಯವರ ಹೆಸರಲ್ಲಿ ಬೇಡ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಹೋಗುವ ಊರಿನ ಸರ್ಕಾರಿ ಶಾಲೆಯವರು ಟಿಸಿ ತಡವಾಯಿತು ಅಂತ ಮಕ್ಕಳನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಇದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮನೆ ರೇಟು ಜಾಸ್ತಿ ಅಂತ ಸಾಲ ಮಾಡಿ ‘ಮೊಬೈಲ್ ಹೋಮ್’, ಅಂದರೆ ಕಾರ್ಖಾನೆಯಲ್ಲಿ ತಯಾರಿಸಿ ತಂದು ನಿಲ್ಲಿಸುವ ಮನೆ, ಕೊಂಡರು. ಮನೆ ಅವರದು, ಇಂಥ ಮನೆಗಳನ್ನು ಸಾಲಾಗಿ ನಿಲ್ಲಿಸುವ ‘ಪಾರ್ಕಿನ’ ನೆಲಕ್ಕೆ ಬಾಡಿಗೆ. ಈಗ ಪಾರ್ಕ್ ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಸಿಕ್ಕಿದಷ್ಟಕ್ಕೆ ಮಾರಿ ಹೊರಬರೋಣ ಅನ್ನುತ್ತಾನೆ ಅಳಿಯ. ವೀಸಾ ಮೇಲೆ ಇರುವವರು ತಕರಾರು ಮಾಡಬಾರದು ಅಂತ ಯಾರೋ ಹೆದರಿಸಿದ್ದಾರೆ.
– ಓದುಗರು, ಬಳ್ಳಾರಿ

ಉತ್ತರ: ಮೇಷ್ಟ್ರೇ, ಅಳಿಯಂದಿರಿಗೆ ಇವತ್ತೇ ಫೋನ್ ಮಾಡಿ, ಮಾರುವ ಮಾತು ಸದ್ಯಕ್ಕೆ ಬೇಡ ಅನ್ನಿ. ಮೇಲಿನ ಅಕ್ಕನ ಕಷ್ಟವೇ ಇದು, ಆದರೆ ಅಲ್ಲಿನ ಕಾನೂನು ಇಲ್ಲಿಗಿಂತ ಎಷ್ಟೋ ಪಾಲು ಗಟ್ಟಿ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಕ್ ಮುಚ್ಚಬೇಕಾದರೆ ಮಾಲೀಕರು ಮೊದಲು ಒಂದು ವರದಿ ತಯಾರಿಸಬೇಕು: ಈ ಜನ ಎಲ್ಲಿಗೆ ಹೋಗುತ್ತಾರೆ, ಹತ್ತಿರದ ಪಾರ್ಕುಗಳಲ್ಲಿ ಜಾಗ ಇದೆಯಾ, ಸಾಗಿಸಲು ಖರ್ಚೆಷ್ಟು ಅಂತ. ಊರಿನ ಆಡಳಿತ ವಿಚಾರಣೆ ನಡೆಸುವ 60 ದಿನ ಮೊದಲೇ ಅದರ ಪ್ರತಿ ಪ್ರತಿ ಮನೆಗೂ ತಲುಪಬೇಕು. ಒಪ್ಪಿಗೆ ಸಿಕ್ಕ ಮೇಲೂ ಕನಿಷ್ಠ ಆರು ತಿಂಗಳ ನೋಟಿಸ್. ಒಪ್ಪಿಗೆಯೇ ಬೇಕಿಲ್ಲದ ಕಡೆ ಹನ್ನೆರಡು ತಿಂಗಳು.

ದೊಡ್ಡ ವಿಷಯ ಇದಲ್ಲ. ಹೆಸರಿಗೆ ಮೊಬೈಲ್ ಹೋಮ್, ಒಮ್ಮೆ ಇಟ್ಟ ಮೇಲೆ ಎಬ್ಬಿಸಿ ಸಾಗಿಸುವುದು ಬಲು ದುಬಾರಿ. 1976ರ ಜೂನ್‌ಗಿಂತ ಮೊದಲು, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಗುಣಮಟ್ಟದ ನಿಯಮ ಬರುವ ಮೊದಲು, ತಯಾರಾದ ಮನೆಯಾದರೆ ಎಷ್ಟೋ ಪಾರ್ಕುಗಳು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ 2020ರಲ್ಲಿ ಕಾನೂನು ತಿದ್ದಿದರು. ಬೇರೆ ಪಾರ್ಕಿನಲ್ಲಿ ಸರಿಯಾದ ಜಾಗ ಸಿಗದಿದ್ದರೆ, ಮನೆಗೆ ಈಗ ಅದು ನಿಂತಿರುವ ಜಾಗದಲ್ಲಿ ಇರುವ ಮಾರುಕಟ್ಟೆ ಬೆಲೆಯನ್ನೇ ಕೊಡಬೇಕು, ಗುಜರಿ ಬೆಲೆಯನ್ನಲ್ಲ. ಈಗಲೇ ಅಗ್ಗಕ್ಕೆ ಮಾರಿ ಹೊರಟರೆ ಆ ದುಡ್ಡು ಕೊಂಡವರ ಪಾಲು, ಸಾಲದ ಕಂತು ಮಾತ್ರ ನಿಮ್ಮ ಮಕ್ಕಳ ಪಾಲು.

ವೀಸಾ ಹೆದರಿಕೆ ಬಿಡಿ. ಇಂಥ ಹಕ್ಕುಗಳಿಗೂ ವೀಸಾಕ್ಕೂ ಅಲ್ಲಿನ ಕಾನೂನು ಗಂಟು ಹಾಕಿಲ್ಲ. ವಿಚಾರಣೆಗೆ ಹೋಗಿ ಮಾತಾಡಲಿ, ಬೆಲೆ ಕಟ್ಟಿದ್ದು ಕಡಿಮೆ ಅನ್ನಿಸಿದರೆ ಬರೆದು ಕೊಡಲಿ. ನಿವಾಸಿಗಳೇ ಸಂಘ ಕಟ್ಟಿ ಪಾರ್ಕ್ ಕೊಂಡುಕೊಳ್ಳುವುದೂ ಅಮೆರಿಕದಲ್ಲಿ ಇದೆ, ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 1984ರಿಂದ ನಡೆದಿದೆ. ಆದರೆ ಅದು ಒಗ್ಗಟ್ಟು, ಸಾಲ ಎರಡೂ ಬೇಕಾದ ಕೆಲಸ, ಮಾಲೀಕರೂ ಮಾರಲು ಒಪ್ಪಬೇಕು. ಇನ್ನೊಂದು, ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪಕ್ಕದ ಒರೆಗಾನ್‌ನಲ್ಲಿ 365 ದಿನದ ನೋಟಿಸ್. ಟೆಕ್ಸಾಸ್‌ನ ಗೆಳೆಯ ಹೇಳಿದ್ದನ್ನು ಕೇಳಿ ನಿರ್ಧಾರ ಮಾಡುವುದು ಬೇಡ.

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪ್. ಅಜ್ಜನ ಕಾಲದಿಂದ ಕೂಲಿ ಮಾಡಿಕೊಂಡು ಇದ್ದೇವೆ, ಸರ್ವೆ ನಂಬರ್ ಬೇರೆಯವರ ಹೆಸರಲ್ಲಿದೆ. ಅವರ ಮೊಮ್ಮಗ ಬಂದು ಎದ್ದೇಳಿ ಅನ್ನುತ್ತಾನೆ.
– ಓದುಗರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮದು ಮೇಲಿನ ಎರಡಕ್ಕಿಂತ ಬೇರೆ, ತಮ್ಮಾ. ದಾಖಲೆ ಇಲ್ಲದ ತಾಂಡಾ, ಹಟ್ಟಿ, ಕ್ಯಾಂಪ್‌ಗಳಲ್ಲಿ ಖಾಸಗಿ ಜಮೀನಿನ ಮೇಲೆ ಮನೆ ಕಟ್ಟಿಕೊಂಡಿರುವ ಕೃಷಿ ಕೂಲಿಗಳಿಗೇ ಮನೆಯ ಹಕ್ಕು ಕೊಡಲು ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ 38-ಎ ಅಂತ ಸೇರಿಸಿದ್ದಾರೆ. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರಲ್ವಾ, ಅದೂ ಇಂಥ ಊರುಗಳಿಗೇ. ನಿಮ್ಮ ಕ್ಯಾಂಪ್ ಕಂದಾಯ ಗ್ರಾಮದ ಪಟ್ಟಿಯಲ್ಲಿ ಇದೆಯಾ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಇಲ್ಲದಿದ್ದರೆ ಸೇರಿಸಿ ಅಂತ ಊರವರೆಲ್ಲಾ ಸಹಿ ಹಾಕಿ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಮೊಮ್ಮಗ ಮತ್ತೆ ಬಂದರೆ ಅರ್ಜಿಯ ಜೆರಾಕ್ಸ್ ತೋರಿಸಿ.